ಬಾರ್ಬರಾ ಸ್ಟಾನ್‌ವಿಕ್ ಚಿತ್ರಗಳು ಉಡುಪಿಯಲ್ಲೂ ಪ್ರದರ್ಶನಗೊಳ್ಳಲಿ

ಮಾನ್ಯರೇ,

ಹಾಲಿವುಡ್‌ನ ಹಳೆಯ ನಟಿಯರ ಮಾತು ಬಂದಾಗಲೆಲ್ಲ ನಮ್ಮ ಸಿನಿಮಾ ಪುಟಗಳು ಮರ್ಲಿನ್ ಮನ್ರೋ, ಆಡ್ರೆ ಹೆಪ್‌ಬರ್ನ್ ಅವರ ಚೆಲುವಿನ ವರ್ಣನೆಯಲ್ಲೇ ಮುಗಿದುಹೋಗುತ್ತವೆ. ಅವರಿಗಿಂತ ಮೊದಲೇ ಬಂದು, ಯಾವ ಒಂದು ಬಗೆಯ ಪಾತ್ರಕ್ಕೂ ಕಟ್ಟುಬೀಳದೆ ದಶಕಗಳ ಕಾಲ ದುಡಿದ ಬಾರ್ಬರಾ ಸ್ಟಾನ್‌ವಿಕ್ ಅವರ ಹೆಸರನ್ನು ಅಲ್ಲಿ ಕಾಣುವುದು ಅಪರೂಪ. ಇದು ನನಗೆ ನಿಜಕ್ಕೂ ಬೇಸರದ ಸಂಗತಿ.

1907ರಲ್ಲಿ ಬ್ರೂಕ್ಲಿನ್‌ನ ಬಡ ಕುಟುಂಬದಲ್ಲಿ ಹುಟ್ಟಿ, ಎಳವೆಯಲ್ಲೇ ತಾಯಿಯನ್ನು ಕಳೆದುಕೊಂಡು, ಹದಿಹರೆಯದಲ್ಲಿ ನೃತ್ಯತಂಡ ಸೇರಿ ಹೊಟ್ಟೆ ಹೊರೆದವರು ಅವರು. 1937ರ ‘ಸ್ಟೆಲ್ಲಾ ಡಲ್ಲಾಸ್’ ಚಿತ್ರದಲ್ಲಿ, ಮೂವತ್ತರ ಆಸುಪಾಸಿನ ಈ ನಟಿ ಮದುವೆಯ ವಯಸ್ಸಿನ ಮಗಳಿರುವ ತಾಯಿಯಾದರು. ಮಗಳ ಬಾಳು ಹಸನಾಗಲೆಂದು ತಾನೇ ದೂರ ಸರಿದ ಆ ತಾಯಿ, ಕೊನೆಗೆ ಮಳೆಯಲ್ಲಿ ಬೀದಿಯಲ್ಲಿ ನಿಂತು, ಕರವಸ್ತ್ರವನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಕಿಟಕಿಯಾಚೆ ನಡೆಯುವ ಮಗಳ ಮದುವೆಯನ್ನು ನೋಡುತ್ತಾಳೆ. ಅಳು, ನಗು ಎರಡೂ ಒಂದೇ ಮುಖದಲ್ಲಿ ಮೂಡುವ ಅಂಥ ಅಭಿನಯವನ್ನು ನಾನು ಬೇರೆಡೆ ಕಂಡದ್ದು ಕಡಿಮೆ. ಅದೇ ನಟಿ 1941ರ ‘ದಿ ಲೇಡಿ ಈವ್’ನಲ್ಲಿ ಇಸ್ಪೀಟಾಟದ ಚತುರ ಮೋಸಗಾತಿಯಾಗಿ ನಗಿಸಿದರು, 1944ರ ‘ಡಬಲ್ ಇಂಡೆಮ್ನಿಟಿ’ಯಲ್ಲಿ ವಿಮಾ ಹಣಕ್ಕಾಗಿ ಗಂಡನ ಕೊಲೆಗೆ ಸಂಚು ಹೂಡುವ ಹೆಂಡತಿಯಾಗಿ ನಡುಗಿಸಿದರು.

ಈ ವೈವಿಧ್ಯಕ್ಕೆ ಪ್ರತಿಭೆಯೊಂದೇ ಕಾರಣವಲ್ಲ. ನಮ್ಮ ಯಕ್ಷಗಾನ ಕಲಾವಿದರು ಒಂದು ತಿರುಗಾಟಕ್ಕೆ ಒಂದು ಮೇಳವನ್ನು ಒಪ್ಪಿಕೊಳ್ಳುವಂತೆ, ಅಂದಿನ ನಟಿಯರು ಒಂದೇ ಸ್ಟುಡಿಯೋದ ಕರಾರಿಗೆ, ಅದೂ ಎಷ್ಟೋ ಸಲ ಏಳು ವರ್ಷಗಳ ಅವಧಿಗೆ, ಒಳಪಡುತ್ತಿದ್ದರು. ಸ್ಟಾನ್‌ವಿಕ್ ಮಾತ್ರ ವೃತ್ತಿಜೀವನದ ಬಹುಭಾಗ ಯಾವುದೇ ಒಂದು ಸ್ಟುಡಿಯೋಗೆ ಮೀಸಲಾಗದೆ, ಬೇರೆಬೇರೆ ಸಂಸ್ಥೆಗಳಲ್ಲಿ ನಟಿಸುವ ಸ್ವಾತಂತ್ರ್ಯವನ್ನು ಉಳಿಸಿಕೊಂಡರು. ಪ್ರಶಸ್ತಿಗಾಗಿ ಬೆನ್ನಿಗೆ ನಿಲ್ಲುವ ತಮ್ಮದೇ ಸ್ಟುಡಿಯೋ ಇಲ್ಲದ್ದರಿಂದ ಬಹುಶಃ ಅದಕ್ಕೆ ಬೆಲೆಯನ್ನೂ ತೆತ್ತರು: ಶ್ರೇಷ್ಠ ನಟಿ ವಿಭಾಗದಲ್ಲಿ ನಾಲ್ಕು ಬಾರಿ ನಾಮನಿರ್ದೇಶನಗೊಂಡರೂ ಆಸ್ಕರ್ ದಕ್ಕಲಿಲ್ಲ, ಗೌರವ ಪ್ರಶಸ್ತಿ ಸಿಕ್ಕಿದ್ದು 1982ರಲ್ಲಿ.

ಉಡುಪಿ, ಮಣಿಪಾಲ ಮತ್ತು ಮಂಗಳೂರಿನ ಕಾಲೇಜುಗಳು, ಚಿತ್ರಾಸಕ್ತರ ಬಳಗಗಳು ‘ಸ್ಟೆಲ್ಲಾ ಡಲ್ಲಾಸ್’ ಮತ್ತು ‘ಡಬಲ್ ಇಂಡೆಮ್ನಿಟಿ’ಯನ್ನು ಸತತ ಎರಡು ಸಂಜೆ, ಕನ್ನಡದಲ್ಲಿ ಚಿಕ್ಕ ಪೀಠಿಕೆಯೊಂದಿಗೆ ತೋರಿಸಬೇಕೆಂದು ಕೋರುತ್ತೇನೆ. ತಮ್ಮ ಪತ್ರಿಕೆಯ ಸಿನಿಮಾ ಪುಟವೂ ಇಂಥ ನಟಿಯರ ಅಭಿನಯವನ್ನು ಕುರಿತು ಲೇಖನಮಾಲೆಯನ್ನು ಆರಂಭಿಸಿದರೆ ನನ್ನಂಥ ಓದುಗರಿಗೆ ಉಪಕಾರವಾದೀತು.

– ನಿವೃತ್ತ ಅಧ್ಯಾಪಕಿ, ಕುಂಜಿಬೆಟ್ಟು, ಉಡುಪಿ