ಗ್ರಾಫಿಕ್ಸ್ ಕಾರ್ಡ್ ಬದಲಿಸುವ ಮುನ್ನ ಓವರ್‌ಕ್ಲಾಕ್ ತೆಗೆದು ನೋಡಲಿ

ಮಾನ್ಯ ಸಂಪಾದಕರೇ,

ಓವರ್‌ಕ್ಲಾಕ್ ಮಾಡಿದ, ಅಂದರೆ ನಿಗದಿತ ವೇಗ ಮೀರಿ ಓಡುವಂತೆ ಹೊಂದಿಸಿದ, ಗೇಮಿಂಗ್ ಕಂಪ್ಯೂಟರಿನಲ್ಲಿ ಆಟ ತಡವರಿಸತೊಡಗಿದ ಕೂಡಲೇ ‘ಗ್ರಾಫಿಕ್ಸ್ ಕಾರ್ಡ್ (ಪರದೆಯ ಚಿತ್ರ ರೂಪಿಸುವ ಭಾಗ) ಹೋಗಿದೆ, ಹೊಸದು ಹಾಕಿಸಿ’ ಎಂದು ಹೇಳಿಬಿಡುವ ರೂಢಿ ನಮ್ಮ ಜಿಲ್ಲೆಯಲ್ಲಿ ಬೇರೂರುತ್ತಿದೆ. ಮಡಿಕೇರಿ, ಕುಶಾಲನಗರ, ವಿರಾಜಪೇಟೆಗಳಲ್ಲಿ ಮಾತ್ರವಲ್ಲ, ನಾಪೋಕ್ಲು, ಸಿದ್ದಾಪುರ, ಶ್ರೀಮಂಗಲದ ಕಡೆಯ ತೋಟದ ಮನೆಗಳಲ್ಲೂ ಈಗ ಇಂಥ ಕಂಪ್ಯೂಟರುಗಳಿವೆ. ಅವುಗಳಲ್ಲಿ ಎಷ್ಟೋ ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಜೋಡಿಸಿ ತಂದವು. ಪ್ರೊಸೆಸರ್ ಮತ್ತು ಕಾರ್ಡಿನ ವೇಗವನ್ನು ಮಾರಿದವರೇ ಏರಿಸಿಕೊಟ್ಟಿರುತ್ತಾರೆ, ಇಲ್ಲವೇ ಮನೆಯ ಹುಡುಗರು ವಿಡಿಯೊ ನೋಡಿ ಏರಿಸಿಕೊಂಡಿರುತ್ತಾರೆ. ಗೋಣಿಕೊಪ್ಪಲಿನಲ್ಲಿ ದುರಸ್ತಿ ಕೆಲಸ ಮಾಡುವ ನನ್ನ ಬಳಿಗೆ ಬೇರೆಡೆ ಕೆಟ್ಟಿದೆ ಎಂಬ ತೀರ್ಪು ಪಡೆದು ಬಂದ ಕಾರ್ಡುಗಳಲ್ಲಿ ಅನೇಕವು, ತಯಾರಕರು ನಿಗದಿಪಡಿಸಿದ ಮೂಲ ಸೆಟ್ಟಿಂಗಿಗೆ ತಂದ ಮೇಲೆ ಯಾವ ತಕರಾರೂ ಇಲ್ಲದೆ ಓಡಿವೆ. ಒಂದು ಫಸಲಿನ ಉಳಿತಾಯದಲ್ಲಿ ದೊಡ್ಡ ಪಾಲನ್ನೇ ನುಂಗುವಷ್ಟು ಬೆಲೆಯ ವಸ್ತುವನ್ನು ಪರೀಕ್ಷೆಯಿಲ್ಲದೆ ಕೊಳ್ಳುವಂತೆ ಹೇಳುವುದು ಅನ್ಯಾಯವೆಂದು ನನ್ನ ಖಚಿತ ಅಭಿಪ್ರಾಯ.

ಓವರ್‌ಕ್ಲಾಕ್ ಎಂದರೆ ಚಿಪ್ಪನ್ನು ಅದಕ್ಕೆ ನಿಗದಿಯಾದ ಆವರ್ತನಕ್ಕಿಂತ ಹೆಚ್ಚಿನ ಆವರ್ತನದಲ್ಲಿ ಓಡಿಸುವುದು. ಹಾಗೆ ಓಡಲು ಅದಕ್ಕೆ ಬಹಳ ಸಲ ಹೆಚ್ಚಿನ ವೋಲ್ಟೇಜ್ ಕೂಡ ಬೇಕಾಗುತ್ತದೆ. ಚಿಪ್ಪು ಕೆಲಸ ಮಾಡುವಾಗ ಬಳಸುವ ಶಕ್ತಿ ಆವರ್ತನಕ್ಕೆ ನೇರ ಅನುಪಾತದಲ್ಲಿಯೂ ವೋಲ್ಟೇಜಿನ ವರ್ಗಕ್ಕೆ ಅನುಪಾತದಲ್ಲಿಯೂ ಏರುವುದರಿಂದ, ಎರಡನ್ನೂ ಶೇ 10ರಷ್ಟು ಹೆಚ್ಚಿಸಿದರೆ ಶಕ್ತಿಯ ಬಳಕೆ ಸುಮಾರು ಶೇ 33ರಷ್ಟು ಹೆಚ್ಚುತ್ತದೆ. ಅಷ್ಟೂ ಶಾಖವಾಗಿಯೇ ಹೊರಬರಬೇಕು. ಶಾಖ ಮಿತಿ ಮೀರಿದಾಗ ಚಿಪ್ಪು ತನ್ನನ್ನು ಕಾಪಾಡಿಕೊಳ್ಳಲು ತಾನಾಗಿಯೇ ವೇಗ ತಗ್ಗಿಸುತ್ತದೆ. ವೇಗ ಏರಿಸಿದ ಯಂತ್ರ ಏರಿಸದ ಯಂತ್ರಕ್ಕಿಂತ ನಿಧಾನವಾಗುವುದು ಹೀಗೆ. ಅದರಲ್ಲೂ 2012ರಲ್ಲಿ ಎನ್‌ವಿಡಿಯಾ ಕಂಪನಿಯು ಜಿಟಿಎಕ್ಸ್ 680 ಕಾರ್ಡಿನೊಂದಿಗೆ ‘ಜಿಪಿಯು ಬೂಸ್ಟ್’ ತಂದಂದಿನಿಂದ ಕಾರ್ಡುಗಳು ಉಷ್ಣತೆ ಮತ್ತು ಶಕ್ತಿಯ ಮಿತಿಯೊಳಗೆ ತಮ್ಮ ವೇಗವನ್ನು ತಾವೇ ಏರಿಸಿಕೊಳ್ಳುತ್ತಿವೆ. ಆದ್ದರಿಂದ ಕೈಯಿಂದ ಏರಿಸಿ ಪಡೆಯಬಹುದಾದ ಲಾಭ ಇಂದು ಹಿಂದಿನಷ್ಟು ಉಳಿದಿಲ್ಲ.

ಇಲ್ಲಿ ಕೊಡಗಿನ ಹವೆಯ ಮಾತನ್ನು ಹೇಳಲೇಬೇಕು. ಒಂದೇ ಹೊರೆ ಮತ್ತು ಒಂದೇ ಫ್ಯಾನ್ ವೇಗದಲ್ಲಿ ಕೋಣೆಯ ಉಷ್ಣತೆ ಹತ್ತು ಡಿಗ್ರಿ ಏರಿದರೆ ಚಿಪ್ಪಿನ ಉಷ್ಣತೆಯೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಕಕ್ಕಡ ತಿಂಗಳ ಮಳೆ ಚಳಿಯಲ್ಲಿ ರಾತ್ರಿಯಿಡೀ ಪರೀಕ್ಷಿಸಿ ಸರಿಯಾಗಿದೆ ಎಂದುಕೊಂಡ ಓವರ್‌ಕ್ಲಾಕ್, ಹೂಮಳೆಗೆ ಕಾಯುವ ಮಾರ್ಚ್, ಏಪ್ರಿಲ್‌ನ ಮಧ್ಯಾಹ್ನಗಳಲ್ಲಿ ನಿಲ್ಲುತ್ತದೆಂಬ ಭರವಸೆ ಇಲ್ಲ. ಬೇಸಿಗೆಯಲ್ಲಿ ಬಂದು ‘ಮಳೆಗಾಲದಲ್ಲಿ ಚೆನ್ನಾಗಿತ್ತು, ಈಗ ಕಾರ್ಡ್ ಕೆಟ್ಟಿದೆ’ ಎನ್ನುವವರ ಯಂತ್ರಗಳಲ್ಲಿ ನಾನು ಮೊದಲು ನೋಡುವುದು ಇದನ್ನೇ. ಎಚ್‌ಡಬ್ಲ್ಯುಇನ್ಫೋ ಅಥವಾ ಎಂಎಸ್‌ಐ ಆಫ್ಟರ್‌ಬರ್ನರ್‌ನಂಥ ಉಚಿತ ತಂತ್ರಾಂಶವನ್ನು ತೆರೆದಿಟ್ಟು ಅರ್ಧ ಗಂಟೆ ಆಡಿದರೆ, ಉಷ್ಣತೆ ಏರಿದ ಹೊತ್ತಿಗೇ ಆವರ್ತನ ಇಳಿಯಿತೇ ಎಂಬುದು ಗೆರೆಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಹಾಗೆ ಕಂಡರೆ ಬೇಕಾದದ್ದು ದೂಳು ತೆಗೆಯುವುದು, ಒಣಗಿದ ಥರ್ಮಲ್ ಪೇಸ್ಟ್ (ಚಿಪ್ಪಿನ ಶಾಖ ದಾಟಿಸುವ ಲೇಪ) ಬದಲಿಸುವುದು ಮತ್ತು ವೋಲ್ಟೇಜ್ ತಗ್ಗಿಸುವುದು. ಹೊಸ ಕಾರ್ಡ್ ಅಲ್ಲ. ಕಾಫಿ ಒಣಗಿಸುವ ಕಣದ ಪಕ್ಕದ ಕೋಣೆಯಲ್ಲಿ ಕಂಪ್ಯೂಟರ್ ಇಟ್ಟವರು ಜನವರಿ, ಫೆಬ್ರುವರಿ ಕಳೆದ ಮೇಲೆ ಒಮ್ಮೆ ಶಾಖ ಹೊರಹಾಕುವ ಹೀಟ್‌ಸಿಂಕ್ ತೆರೆದು ನೋಡುವುದು ಒಳ್ಳೆಯದು. ತೇವದ ಬಗ್ಗೆ ಹಲವರಿಗೆ ಇರುವ ಭಯ ಬೇರೆ ರೀತಿಯದು. ಓಡುತ್ತಿರುವ ಯಂತ್ರದ ಒಳಭಾಗ ಕೋಣೆಗಿಂತ ಬಿಸಿಯಾಗಿರುವುದರಿಂದ ಅಲ್ಲಿ ನೀರು ಹನಿಗಟ್ಟುವುದಿಲ್ಲ. ವಾರಗಟ್ಟಲೆ ಮುಚ್ಚಿಟ್ಟ ಯಂತ್ರದಲ್ಲಿ ದೂಳೂ ತೇವವೂ ಸೇರಿ ಅಂಟುವುದೇ ಹೆಚ್ಚಿನ ಅಪಾಯ.

ಕಾರ್ಡಿನ ಮೆಮೊರಿಯ ಓವರ್‌ಕ್ಲಾಕ್ ಇದಕ್ಕಿಂತ ಹೆಚ್ಚು ಮೋಸಗೊಳಿಸುತ್ತದೆ. ಮಿತಿ ದಾಟಿದರೆ ಪರದೆಯಲ್ಲಿ ಬಣ್ಣದ ಚುಕ್ಕೆಗಳು ಬರುತ್ತವೆ, ಇಲ್ಲವೇ ಯಂತ್ರ ನಿಲ್ಲುತ್ತದೆ ಎಂದು ಹುಡುಗರು ನಂಬಿರುತ್ತಾರೆ. ಆದರೆ 2020ರಲ್ಲಿ ಬಂದ ಆರ್‌ಟಿಎಕ್ಸ್ 30 ಸರಣಿಯ ಕಾರ್ಡುಗಳಲ್ಲಿ ದತ್ತಾಂಶ ಸಾಗುವಾಗ ಆದ ತಪ್ಪನ್ನು ಗುರುತಿಸಿ ಅದೇ ದತ್ತಾಂಶವನ್ನು ಮತ್ತೆ ಕಳುಹಿಸುವ ವ್ಯವಸ್ಥೆ ಇದೆ. ಅವಸರದಲ್ಲಿ ಎಣಿಸಿದ ಕಾಫಿ ಚೀಲಗಳ ಲೆಕ್ಕ ತಪ್ಪಿ ಮತ್ತೆ ಮತ್ತೆ ಎಣಿಸಬೇಕಾದಾಗ ಲಾರಿ ಹೊರಡುವುದು ತಡವಾಗುವಂತೆ, ಮೆಮೊರಿಯ ಮೆಗಾಹರ್ಟ್ಸ್ ಏರುತ್ತಲೇ ಇದ್ದರೂ ಮರುಕಳುಹಿಸುವ ಕೆಲಸದಲ್ಲಿಯೇ ಸಮಯ ಹೋಗಿ ಸೆಕೆಂಡಿಗೆ ಪರದೆಗೆ ಬರುವ ಚಿತ್ರಗಳಾದ ಫ್ರೇಮ್‌ಗಳು ಕಡಿಮೆಯಾಗುತ್ತವೆ. ಯಂತ್ರ ನಿಲ್ಲುವುದಿಲ್ಲ, ದೋಷದ ಸಂದೇಶವೂ ಬರುವುದಿಲ್ಲ. ಹೀಗಾಗಿ ಮೆಮೊರಿಯ ವೇಗವನ್ನು ಸಣ್ಣ ಸಣ್ಣ ಹೆಜ್ಜೆಗಳಲ್ಲಿ ಏರಿಸಿ, ಪ್ರತಿ ಹೆಜ್ಜೆಗೂ ಅದೇ ಪರೀಕ್ಷೆಯನ್ನು ಓಡಿಸಿ, ಅಂಕ ಇಳಿಯತೊಡಗಿದ ಜಾಗದಿಂದ ಹಿಂದೆ ಸರಿಯುವುದೊಂದೇ ಸರಿಯಾದ ಕ್ರಮ. ಯಂತ್ರ ನಿಂತುಹೋಗಲಿಲ್ಲ ಎಂಬುದು ಸೆಟ್ಟಿಂಗ್ ಸರಿಯಾಗಿದೆ ಎಂಬುದಕ್ಕೆ ಸಾಕ್ಷಿಯಲ್ಲ.

ಸಂದೇಶ ಬಂದರೂ ಅದು ಬೆರಳು ತೋರಿಸಿದಲ್ಲಿಯೇ ದೋಷ ಇರಬೇಕೆಂದಿಲ್ಲ. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರುಗಳಲ್ಲಿ ಅಸ್ಥಿರತೆ ಕಾಣಿಸಿಕೊಂಡಾಗ, ಆಡುವವರಿಗೆ ಹಲವು ಆಟಗಳಲ್ಲಿ ಕಂಡದ್ದು ‘ಗ್ರಾಫಿಕ್ಸ್ ಮೆಮೊರಿ ಸಾಲದು’ ಎಂಬ ಸಂದೇಶ. ಕಾರ್ಡಿನಲ್ಲಿ ಮೆಮೊರಿ ಬೇಕಾದಷ್ಟಿತ್ತು. ತಪ್ಪು ಇದ್ದದ್ದು ಪ್ರೊಸೆಸರಿನಲ್ಲಿ. 2024ರ ಆಗಸ್ಟ್‌ನಲ್ಲಿ ಇಂಟೆಲ್ ಅದಕ್ಕಾಗಿ ಹೊಸ ಮೈಕ್ರೊಕೋಡ್ (ಪ್ರೊಸೆಸರಿನ ಒಳಗಿನ ನಿಯಂತ್ರಣ ಸೂಚನೆಗಳು) ನೀಡಿತು ಮತ್ತು ಆ ಪ್ರೊಸೆಸರುಗಳ ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು. ಆ ಸಂದೇಶವನ್ನು ನಂಬಿ ಕಾರ್ಡ್ ಬದಲಿಸಿದವರ ಹಣ ನೀರಿನಲ್ಲಿ ಹೋಮವಾಯಿತು. ‘ಡಿಸ್‌ಪ್ಲೇ ಡ್ರೈವರ್ ಸ್ಪಂದಿಸಲಿಲ್ಲ, ಚೇತರಿಸಿಕೊಂಡಿದೆ’ ಎಂಬ ವಿಂಡೋಸ್‌ನ ಸಂದೇಶವೂ ಅಂಥದ್ದೇ. ಕಾರ್ಡಿನಿಂದ ಎರಡು ಸೆಕೆಂಡು ಉತ್ತರ ಬಾರದಿದ್ದರೆ ವಿಂಡೋಸ್ ಅದನ್ನು ನಡೆಸುವ ತಂತ್ರಾಂಶವಾದ ಡ್ರೈವರನ್ನು ಮರುಪ್ರಾರಂಭಿಸುತ್ತದೆ. ಉತ್ತರ ಬಾರದಿರಲು ಕಾರ್ಡಿನ ಓವರ್‌ಕ್ಲಾಕ್ ಕಾರಣವಿರಬಹುದು, ರ‍್ಯಾಮ್ (ಕಂಪ್ಯೂಟರಿನ ಮುಖ್ಯ ಮೆಮೊರಿ) ಕಾರಣವಿರಬಹುದು, ಹಾಳಾದ ಡ್ರೈವರ್ ಕಾರಣವಿರಬಹುದು. ವಿಂಡೋಸಿನ ದಾಖಲೆ ತೋರಿಸುವ ಇವೆಂಟ್ ವ್ಯೂವರ್ ತೆರೆದು ಅಲ್ಲಿ ‘ಡಬ್ಲ್ಯುಎಚ್‌ಇಎ’ ಎಂಬ ಯಂತ್ರಾಂಶ ದೋಷಗಳು ದಾಖಲಾಗಿವೆಯೇ ಎಂದು ನೋಡಲು ಐದು ನಿಮಿಷ ಸಾಕು. ಆ ಐದು ನಿಮಿಷವನ್ನೂ ಕೊಡದೆ ತೀರ್ಪು ಕೊಡುವುದನ್ನು ಒಪ್ಪಲಾಗದು.

ಇನ್ನು ಕರೆಂಟಿನ ವಿಚಾರ. ಮರ ಬಿದ್ದು ತಂತಿ ಹರಿಯುವ, ಸಂಜೆ ಹೊತ್ತು ವೋಲ್ಟೇಜ್ ಇಳಿಯುವ ನಮ್ಮ ಜಿಲ್ಲೆಯಲ್ಲಿ ಆಟದ ಪ್ರತಿ ತಡವರಿಕೆಗೂ ಕಡಿಮೆ ವೋಲ್ಟೇಜನ್ನು ದೂರುವುದು ಸಹಜವಾಗಿದೆ. ಫ್ರೇಮ್ ಹೆಚ್ಚುತ್ತದೆಂದು ನಂಬಿಸಿ ದುಬಾರಿ ಸ್ಟೆಬಿಲೈಸರ್ ಮಾರಿದ ಉದಾಹರಣೆಯನ್ನೂ ಕಂಡಿದ್ದೇನೆ. ಇದು ತಪ್ಪು ತಿಳಿವಳಿಕೆ. ಗೋಡೆಯಿಂದ ಬರುವ 230 ವೋಲ್ಟ್ ಎಸಿ ನೇರವಾಗಿ ಕಾರ್ಡಿಗೆ ಹೋಗುವುದಿಲ್ಲ; ಕಂಪ್ಯೂಟರಿನೊಳಗಿನ ವಿದ್ಯುತ್ ಪೂರೈಕೆ ಪೆಟ್ಟಿಗೆಯಾದ ಎಸ್‌ಎಂಪಿಎಸ್ ಅದನ್ನು 12 ವೋಲ್ಟ್ ಡಿಸಿಯಾಗಿ ಬದಲಿಸಿ, ಶೇ 5ರ ಏರುಪೇರಿನೊಳಗೆ, ಅಂದರೆ 11.4ರಿಂದ 12.6 ವೋಲ್ಟ್‌ಗಳ ನಡುವೆ ಹಿಡಿದಿಡಬೇಕು. ಒಳ್ಳೆಯ ಎಸ್‌ಎಂಪಿಎಸ್ ಮೇಲೆ 100ರಿಂದ 240 ವೋಲ್ಟ್ ಎಂದು ಬರೆದಿರುತ್ತದೆ. ಮನೆಯ ವೋಲ್ಟೇಜ್ 180ಕ್ಕೆ ಇಳಿದರೂ ಅದು ಹೆಚ್ಚು ಕರೆಂಟ್ ಎಳೆದುಕೊಂಡು 12 ವೋಲ್ಟ್ ಕೊಡುತ್ತಲೇ ಇರುತ್ತದೆ. ಕೊಡಲಾಗದಿದ್ದರೆ ಯಂತ್ರ ಆರಿಹೋಗುತ್ತದೆ ಅಥವಾ ಮರುಪ್ರಾರಂಭವಾಗುತ್ತದೆ. ಲೈನಿನ ವೋಲ್ಟೇಜ್ ಇಳಿದಷ್ಟೂ ಆಟ ನಿಧಾನವಾಗುತ್ತದೆ ಎಂಬ ನೇರ ಸಂಬಂಧ ಇಲ್ಲ.

ಆದ್ದರಿಂದ ನಿಧಾನವಾಗುವುದನ್ನೂ ಆರಿಹೋಗುವುದನ್ನೂ ಬೇರೆ ಬೇರೆಯಾಗಿ ವಿಚಾರಿಸಬೇಕು. ಆರಿಹೋಗುವ ಯಂತ್ರದಲ್ಲಿ ಎಸ್‌ಎಂಪಿಎಸ್‌ನ ಸಾಮರ್ಥ್ಯವನ್ನು ಮೊದಲು ನೋಡಬೇಕು. ಮದರ್‌ಬೋರ್ಡಿನ ಸ್ಲಾಟ್ 75 ವ್ಯಾಟ್, ಆರು ಪಿನ್ನಿನ ಕನೆಕ್ಟರ್ 75 ವ್ಯಾಟ್, ಎಂಟು ಪಿನ್ನಿನದು 150 ವ್ಯಾಟ್ ಎಂಬುದು ನಿಗದಿಯಾದ ಲೆಕ್ಕ. ಓವರ್‌ಕ್ಲಾಕ್ ಮಾಡಿದ ಕಾರ್ಡ್ ಕ್ಷಣಕಾಲ ಇದಕ್ಕಿಂತ ಹೆಚ್ಚು ಎಳೆಯುವುದುಂಟು; ಅದಕ್ಕೆ ಒಂದೇ ಕೇಬಲ್ಲಿನ ಎರಡು ತುದಿಗಳನ್ನು ಸಿಕ್ಕಿಸುವ ಬದಲು ಎರಡು ಪ್ರತ್ಯೇಕ ಕೇಬಲ್ಲುಗಳನ್ನು ಹಾಕುವುದು ಲೇಸು. ಅನಂತರ ನೋಡಬೇಕಾದದ್ದು ಇನ್ವರ್ಟರ್. ನಮ್ಮ ಮನೆಗಳಲ್ಲಿ ದೀಪ, ಫ್ಯಾನುಗಳಿಗೆಂದು ಹಾಕಿಸಿದ ಹಳೆಯ ಸ್ಕ್ವೇರ್ ವೇವ್ (ಚೌಕಾಕಾರದ ಅಲೆಯ ಕರೆಂಟ್ ಕೊಡುವ) ಇನ್ವರ್ಟರಿನ ಮೇಲೆ, ಎಳೆಯುವ ಕರೆಂಟನ್ನು ವೋಲ್ಟೇಜಿನ ಅಲೆಗೆ ಹೊಂದಿಸುವ ಆಕ್ಟಿವ್ ಪಿಎಫ್‌ಸಿ ಇರುವ ಎಸ್‌ಎಂಪಿಎಸ್ ಸರಿಯಾಗಿ ಓಡದಿರಬಹುದು. ಕರೆಂಟ್ ಹೋದಾಗ ಇನ್ವರ್ಟರ್ ಬ್ಯಾಟರಿಗೆ ಬದಲಾಗಲು ತೆಗೆದುಕೊಳ್ಳುವ ಸಮಯವನ್ನು ಎಸ್‌ಎಂಪಿಎಸ್ ತಾಳಿಕೊಳ್ಳುವುದು ಪೂರ್ಣ ಹೊರೆಯಲ್ಲಿ ಸುಮಾರು 16 ಮಿಲಿಸೆಕೆಂಡು ಮಾತ್ರ. ವೇಗ ಏರಿಸಿ ಹೊರೆ ಹೆಚ್ಚಿಸಿದಷ್ಟೂ ಆ ಅಂಚು ಕಿರಿದಾಗುತ್ತದೆ. ಲೈನಿನಂತೆಯೇ ನಯವಾದ ಅಲೆ ಕೊಡುವ ಪ್ಯೂರ್ ಸೈನ್ ವೇವ್ ಇನ್ವರ್ಟರನ್ನು, ಬೇಗ ಬ್ಯಾಟರಿಗೆ ಬದಲಾಗುವ ಯುಪಿಎಸ್ ಮೋಡ್‌ನಲ್ಲಿ ಇಟ್ಟ ಮಾತ್ರಕ್ಕೆ ಸರಿಹೋದ ‘ಕೆಟ್ಟ ಕಾರ್ಡು’ಗಳೂ ಇವೆ. ಏಪ್ರಿಲ್, ಮೇ ತಿಂಗಳ ಸಿಡಿಲಿಗೆ ಮಾತ್ರ ಇದಾವುದೂ ರಕ್ಷಣೆಯಲ್ಲ. ಆಗ ಪ್ಲಗ್ಗನ್ನೂ ಇಂಟರ್‌ನೆಟ್ ಕೇಬಲ್ಲನ್ನೂ ಎರಡನ್ನೂ ಕಿತ್ತಿಡಬೇಕು.

ಮೂಲ ಸೆಟ್ಟಿಂಗಿಗೆ ತರುವಾಗ ಎಚ್ಚರ ವಹಿಸಬೇಕಾದ ಒಂದು ಅಂಶವಿದೆ. ಮದರ್‌ಬೋರ್ಡಿನ ಸೆಟ್ಟಿಂಗುಗಳನ್ನು ಇಟ್ಟುಕೊಳ್ಳುವ ಬಯೋಸನ್ನು ಪೂರ್ತಿ ರೀಸೆಟ್ ಮಾಡಿದರೆ ರ‍್ಯಾಮಿನ ಎಕ್ಸ್‌ಎಂಪಿ (ಅದನ್ನು ಘೋಷಿತ ವೇಗದಲ್ಲಿ ಓಡಿಸುವ) ಸೆಟ್ಟಿಂಗ್ ಕೂಡ ಹೋಗಿ, 3200ರ ಡಿಡಿಆರ್4 ರ‍್ಯಾಮ್ 2133 ಅಥವಾ 2400ರಂಥ ವೇಗಕ್ಕೆ ಇಳಿಯುತ್ತದೆ. ಆಗ ಫ್ರೇಮ್ ಕಡಿಮೆಯಾದುದನ್ನು ಕಂಡು ಕಾರ್ಡಿನ ಓವರ್‌ಕ್ಲಾಕ್‌ನಿಂದ ಲಾಭವಿತ್ತು ಎಂದು ತಿಳಿಯುವವರಿದ್ದಾರೆ. ಮೊದಲು ಎಲ್ಲವನ್ನೂ ಮೂಲಕ್ಕೆ ತಂದು ಅಳೆಯಬೇಕು, ಬಳಿಕ ಎಕ್ಸ್‌ಎಂಪಿಯನ್ನು ಮಾತ್ರ ಹಾಕಿ ಮೆಮ್‌ಟೆಸ್ಟ್86ರಿಂದ ರ‍್ಯಾಮ್ ಪರೀಕ್ಷಿಸಿ ಮತ್ತೆ ಅಳೆಯಬೇಕು, ಆಮೇಲೆ ಪ್ರೊಸೆಸರ್, ಕೊನೆಗೆ ಕಾರ್ಡ್. ಒಂದು ಸಲಕ್ಕೆ ಒಂದೇ ಬದಲಾವಣೆ. ಸರಾಸರಿ ಫ್ರೇಮ್ ರೇಟ್ ಒಂದನ್ನೇ ನೋಡಿದರೆ ಸಾಲದು. ಅತಿ ನಿಧಾನವಾದ ಶೇ 1ರಷ್ಟು ಫ್ರೇಮುಗಳ ಅಂಕಿಯನ್ನೂ ಬರೆದಿಟ್ಟುಕೊಳ್ಳಬೇಕು, ಏಕೆಂದರೆ ಕಣ್ಣಿಗೆ ತಡವರಿಕೆಯಾಗಿ ಕಾಣುವುದು ಅದೇ. ಪರದೆಯ ರೆಸಲ್ಯೂಷನ್ ತಗ್ಗಿಸಿದರೂ ಫ್ರೇಮ್ ಹೆಚ್ಚದಿದ್ದರೆ ಅಡ್ಡಿ ಬಹುಮಟ್ಟಿಗೆ ಪ್ರೊಸೆಸರಿನಲ್ಲಿದೆ, ಕಾರ್ಡಿನಲ್ಲಿಲ್ಲ. ಮಾನಿಟರಿನ ಕೇಬಲ್ ಕಾರ್ಡಿನ ಬದಲು ಮದರ್‌ಬೋರ್ಡಿಗೆ ಸಿಕ್ಕಿಸಿರುವುದು, 144 ಹರ್ಟ್ಸ್‌ನ ಮಾನಿಟರ್ ವಿಂಡೋಸ್‌ನಲ್ಲಿ 60ಕ್ಕೇ ನಿಂತಿರುವುದು, ಒಂದೇ ರ‍್ಯಾಮ್ ಪಟ್ಟಿ ಹಾಕಿರುವುದು, ಇವೆಲ್ಲ ನೋಡಿದ ಕೂಡಲೇ ತಿಳಿಯುವಂಥವು. ಆನ್‌ಲೈನ್ ಆಟದಲ್ಲಿ ಪಿಂಗ್ (ಸಂದೇಶ ಹೋಗಿಬರುವ ಸಮಯ) ಏರಿ ಎದುರಾಳಿ ಜಿಗಿಜಿಗಿದು ಕಾಣುವುದು ನೆಟ್‌ವರ್ಕಿನ ತೊಂದರೆ; ನಮ್ಮ ಗುಡ್ಡಗಾಡಿನ ಸಂಪರ್ಕದಲ್ಲಿ ಅದು ಸಾಮಾನ್ಯ, ಮತ್ತು ಯಾವ ಕಾರ್ಡಿನಿಂದಲೂ ಅದು ಸರಿಯಾಗದು.

ಇಷ್ಟು ಪರೀಕ್ಷೆಗೆ ಬೇಕಾದ ತಂತ್ರಾಂಶಗಳನ್ನು ಮನೆಬಳಕೆಗೆ ಉಚಿತವಾಗಿ ಪಡೆಯಬಹುದು. ಬೇಕಾಗಿರುವುದು ಒಂದು ಮಧ್ಯಾಹ್ನದ ತಾಳ್ಮೆ. ಆದರೆ ಅಂಗಡಿಯಲ್ಲಿ ಆ ಮಧ್ಯಾಹ್ನಕ್ಕೆ ಬೆಲೆ ಕಟ್ಟುವವರು ಕಡಿಮೆ, ಹೊಸ ಕಾರ್ಡಿನ ಮಾರಾಟದಲ್ಲಿ ಲಾಭ ಹೆಚ್ಚು. ಪರೀಕ್ಷೆಗೆ ಶುಲ್ಕ ಕೊಡಲು ಗ್ರಾಹಕರೂ ಹಿಂಜರಿಯಬಾರದು. ಕಾರ್ಡಿನ ಬೆಲೆಯ ಮುಂದೆ ಅದು ಅಲ್ಪ ಮೊತ್ತ. ಓವರ್‌ಕ್ಲಾಕ್ ಮಾಡಿ ಮಾರುವವರು ಯಾವ ಆವರ್ತನ, ಎಷ್ಟು ವೋಲ್ಟೇಜ್, ಕೋಣೆಯ ಯಾವ ಉಷ್ಣತೆಯಲ್ಲಿ ಎಷ್ಟು ಹೊತ್ತು ಪರೀಕ್ಷಿಸಲಾಯಿತು, ಮೂಲ ಸೆಟ್ಟಿಂಗಿನಲ್ಲಿ ಬಂದ ಅಂಕಗಳೆಷ್ಟು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಬಿಲ್ಲಿನೊಂದಿಗೆ ಕೊಡಬೇಕು. ಓವರ್‌ಕ್ಲಾಕ್‌ನಿಂದಾದ ಹಾನಿಗೆ ಅನೇಕ ತಯಾರಕರ ವಾರಂಟಿ ಅನ್ವಯಿಸುವುದಿಲ್ಲವೆಂಬುದನ್ನು ಮಾರುವಾಗಲೇ ಹೇಳಬೇಕು. ದುರಸ್ತಿ ಮಾಡುವ ನಾವು, ಕಾರ್ಡ್ ಬದಲಿಸಿ ಎಂದು ಹೇಳುವ ಮುನ್ನ ಓವರ್‌ಕ್ಲಾಕ್ ತೆಗೆದ ಸ್ಥಿತಿಯಲ್ಲಿ ನಡೆಸಿದ ಪರೀಕ್ಷೆಯ ಫಲಿತಾಂಶವನ್ನು ಗ್ರಾಹಕರ ಕಣ್ಣೆದುರು ತೋರಿಸಬೇಕು.

ಕುಶಾಲನಗರದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು, ಪೊನ್ನಂಪೇಟೆಯ ಕೂರ್ಗ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಗಳಲ್ಲಿ ಇದನ್ನು ಬಲ್ಲ ಅಧ್ಯಾಪಕರೂ ಕಲಿಯಲು ಉತ್ಸುಕರಾದ ವಿದ್ಯಾರ್ಥಿಗಳೂ ಇದ್ದಾರೆ. ವರ್ಷಕ್ಕೆ ಎರಡು ಸಲ, ಮಳೆಗಾಲದಲ್ಲೊಮ್ಮೆ ಬೇಸಿಗೆಯಲ್ಲೊಮ್ಮೆ, ಜಿಲ್ಲೆಯ ಯುವಕರು ತಮ್ಮ ಯಂತ್ರಗಳನ್ನು ತಂದು ಅಳೆದುಕೊಂಡು ಹೋಗುವಂಥ ತಪಾಸಣಾ ದಿನವನ್ನು ಈ ಕಾಲೇಜುಗಳು ನಡೆಸಿದರೆ ನಾನೂ ನನ್ನ ಉಪಕರಣಗಳೊಂದಿಗೆ ಬಂದು ಕೈಜೋಡಿಸಲು ಸಿದ್ಧನಿದ್ದೇನೆ. ತಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಈ ಸಲಹೆಯನ್ನು ಪ್ರಕಟಿಸಿ ಕಾಲೇಜುಗಳ ಗಮನಕ್ಕೆ ತರಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಕಂಪ್ಯೂಟರ್ ದುರಸ್ತಿಗಾರ,
ಗೋಣಿಕೊಪ್ಪಲು, ಕೊಡಗು