ಮೋಶಿಯಿಂದ ಮಗಳಿಗೊಂದು ಪತ್ರ

ಮೋಶಿ, ತಾಂಜಾನಿಯಾ
ಜುಲೈ, ಶುಕ್ರವಾರ ರಾತ್ರಿ

ಪ್ರೀತಿಯ ಮಗಳೇ,

ಹೋದ ವಾರ ಫೋನಿನಲ್ಲಿ ನೀನೊಂದು ಪ್ರಶ್ನೆ ಕೇಳಿದೆ. "ಅಪ್ಪಾ, ಅಲ್ಲಿ ಪಾದ್ರಿಗಳಿಗೇನು ಬರವಾ? ನೀವು ಅಷ್ಟು ದೂರ ಹೋಗಿ ಮಾಡುವುದಾದರೂ ಏನು?" ನಾನು ಬಾಯಿ ತೆರೆಯುವಷ್ಟರಲ್ಲಿ ಲೈನು ಕಡಿದುಹೋಯಿತು. ಎರಡು ಮಾತಿನಲ್ಲಿ ಹೇಳಿ ಮುಗಿಸುವ ಉತ್ತರವೂ ಅದಲ್ಲ. ನಾಳೆ ನಸುಕಿಗೆ ಮೋಶಿ ಬಿಟ್ಟು ದಾರ್ ಎಸ್ ಸಲಾಮಿಗೆ ಹೊರಡುತ್ತಿದ್ದೇನೆ. ಇವತ್ತು ಪೂರ್ತಿ ಹೊರಡುವ ಗಡಿಬಿಡಿಯಲ್ಲೇ ಕಳೆಯಿತು. ಆ ದಿನವನ್ನೇ ನಿನಗೆ ಬರೆಯುತ್ತೇನೆ. ನಿನ್ನ ಪ್ರಶ್ನೆಗೆ ಉತ್ತರ ಅದರಲ್ಲೇ ಸಿಗುತ್ತದೆ.

ಮೊದಲು ಹೇಳಿಬಿಡುತ್ತೇನೆ, ಇಲ್ಲಿ ಪಾದ್ರಿಗಳಿಗೆ ನನ್ನ ಅಗತ್ಯವೇನೂ ಇಲ್ಲ. ತಾಂಜಾನಿಯಾದ ಲುಥೆರನ್ ಸಭೆ 1963ರಲ್ಲಿ ಏಳು ಸಭೆಗಳು ಕೂಡಿ ಆದದ್ದು. ಇವತ್ತು ಪ್ರಪಂಚದ ಅತಿ ದೊಡ್ಡ ಲುಥೆರನ್ ಸಭೆಗಳಲ್ಲಿ ಅದೂ ಒಂದು. ನಮ್ಮ ದೇಶದ ಯಾವ ಲುಥೆರನ್ ಸಭೆಯೂ ಅದರ ಹತ್ತಿರಕ್ಕೆ ಬರುವುದಿಲ್ಲ. ಬುಕೋಬಾದ ಬಿಷಪ್ ಜೊಸಾಯಾ ಕಿಬಿರಾ 1977ರಲ್ಲಿ ಲುಥೆರನ್ ವಿಶ್ವ ಒಕ್ಕೂಟದ ಅಧ್ಯಕ್ಷರಾದರು. ಆ ಸ್ಥಾನಕ್ಕೆ ಬಂದ ಮೊದಲ ಆಫ್ರಿಕನ್ ಅವರೇ. ಅವರನ್ನು ಆರಿಸಿದ ಮಹಾಸಭೆ ನಡೆದದ್ದೂ ನಾನು ನಾಳೆ ಹೋಗುವ ದಾರ್ ಎಸ್ ಸಲಾಮಿನಲ್ಲೇ. ಇಂಥವರಿಗೆ ನಾನು ಬಂದು ಕಲಿಸುವುದು ಏನಿದೆ ಹೇಳು.

ಬೆಳಗಿನ ಮೊದಲ ಕೆಲಸ ನಿಲುವಂಗಿಯದು. ಕಿಲಿಮಂಜಾರೊ ಬೆಟ್ಟದ ಮೇಲಿನ ಸಭೆಗಳಿಗೆ ಪಿಕಪ್ಪಿನಲ್ಲಿ ಓಡಾಡಿ ಅದರ ಅಂಚಿಗೆಲ್ಲ ಕೆಂಪು ಧೂಳು ಹತ್ತಿತ್ತು. ನಾನು ಉಳಿದುಕೊಂಡಿರುವ ಅತಿಥಿಗೃಹದ ಅಡುಗೆಯಮ್ಮ ನಿನ್ನೆಯೇ ಅದನ್ನು ಒಗೆದು ಹಾಕಿದ್ದರು. ಇಸ್ತ್ರಿ ಮಾಡೋಣ ಎಂದರೆ ಕರೆಂಟಿಲ್ಲ. ಆಕೆ ಒಳಗಿನಿಂದ ಇದ್ದಿಲ ಇಸ್ತ್ರಿಪೆಟ್ಟಿಗೆ ತಂದರು. ಮುಚ್ಚಳ ತೆಗೆದು ಒಲೆಯಿಂದ ಕೆಂಡ ತುಂಬಿಸಿದರು, ಅಂಗಳಕ್ಕೆ ಹೋಗಿ ಗಾಳಿಗೆ ಹಿಡಿದು ಆಚೀಚೆ ತೂಗಿ ಬೂದಿ ಹಾರಿಸಿದರು. ತಳವನ್ನು ಬಾಳೆಲೆಯ ಮೇಲೆ ಒಮ್ಮೆ ಎಳೆದು ಬಿಸಿ ನೋಡಿದರು. ಆಮೇಲೆ ಒದ್ದೆ ಬಟ್ಟೆ ಹಾಸಿ ಭುಜದ ನೆರಿಗೆಯಿಂದ ಶುರು ಮಾಡಿದರು, ತೋಳು ಕೊನೆಗೆ. ನಾನು ಮಾಡುತ್ತೇನೆ ಎಂದು ಕೈ ಚಾಚಿದರೆ ಪೆಟ್ಟಿಗೆ ಕೊಡಲೇ ಇಲ್ಲ. ಆರಾಧನೆಯಲ್ಲಿ ಕೊರಳಿಗೆ ಇಳಿಬಿಡುವ ಹಸಿರು ಪಟ್ಟಿ, ಸ್ಟೋಲನ್ನು ಮಾತ್ರ ಮಡಚಲು ನನಗೆ ಬಿಟ್ಟರು.

ಇಲ್ಲಿ ತಾಯಂದಿರನ್ನು ಮಕ್ಕಳ ಹೆಸರು ಸೇರಿಸಿ 'ಮಾಮಾ' ಎಂದು ಕರೆಯುತ್ತಾರೆ. ಈಕೆ ತನ್ನ ಹಿರಿಮಗಳ ಹೆಸರಿನ ಮಾಮಾ. ಇಸ್ತ್ರಿ ಮುಗಿಸಿ ಕೈ ಒರೆಸಿಕೊಂಡವರು ನನ್ನನ್ನು ಕೇಳಿದರು, "ನಿಮ್ಮ ತಾಯಿ ಇದ್ದಾರಾ?" ಇದ್ದಾರೆ, ಮಂಗಳೂರಿನಲ್ಲಿ ಎಂದೆ. "ಅವರಿಗೆ ನನ್ನ ಸಲಾಮು ಹೇಳಿ. ನಿಮ್ಮ ಮಗನ ಬಟ್ಟೆ ನೋಡಿಕೊಂಡೆ ಎಂದು ಹೇಳಿ." ಆಗಲೇ ನೋಟ್‌ಬುಕ್ ತೆಗೆದು ಬರೆದುಕೊಂಡೆ.

ಆ ನೋಟ್‌ಬುಕ್ಕಿನ ವಿಷಯ ನಿನಗೆ ಹೇಳಬೇಕು. ಇಲ್ಲಿ ಆರಾಧನೆಗೆ ಹೊರಗಿನವರು ಯಾರೇ ಬರಲಿ, ಎದ್ದು ನಿಂತು ತಮ್ಮ ಊರಿನ ಸಭೆಯ ವಂದನೆ ಹೇಳಲೇಬೇಕು. "ಬ್ವಾನಾ ಯೇಸು ಅಸಿಫಿವೆ" ಎನ್ನಬೇಕು, ಕರ್ತನಾದ ಯೇಸುವಿಗೆ ಸ್ತೋತ್ರ ಎಂದು. ಇಡೀ ಸಭೆ "ಆಮೆನ್" ಎನ್ನುತ್ತದೆ. ಆಮೇಲೆ ನಾನು ಎಲ್ಲಿಯವನು, ಯಾರು ಕಳಿಸಿದರು, ಅಲ್ಲಿನ ವಿಧವೆಯರು, ಮುದುಕರು, ಮಕ್ಕಳು ಹೇಗಿದ್ದಾರೆ, ಎಲ್ಲ ಹೇಳಬೇಕು. ಜನ ಮೈಯೆಲ್ಲಾ ಕಿವಿಯಾಗಿ ಕೇಳುತ್ತಾರೆ. ಆರಾಧನೆ ಬಿಟ್ಟ ಮೇಲೆ ಸರತಿ ಶುರುವಾಗುತ್ತದೆ. ಒಬ್ಬರಾದ ಮೇಲೊಬ್ಬರು ಬಂದು ತಮ್ಮ ವಂದನೆ ಒಯ್ಯಲು ಕೊಡುತ್ತಾರೆ. ಕಾಲು ಮುರಿದುಕೊಂಡು ಮನೆಯಲ್ಲಿರುವ ಉಪದೇಶಿಯೊಬ್ಬರು ಮಗನ ಕೈಲಿ ಹೇಳಿ ಕಳಿಸಿದ್ದಾರೆ. ಶಾಲೆಯ ಹುಡುಗಿಯೊಬ್ಬಳು ನನ್ನ ಮಗಳಿಗೆ ಅಂದರೆ ನಿನಗೇ ಹೇಳಬೇಕೆಂದಳು. ಅದು ಪ್ರತ್ಯೇಕ ಪುಟದಲ್ಲಿದೆ. ಇದನ್ನೆಲ್ಲ ಮರೆತರೆ ಅಪಚಾರ. ಬರೆದದ್ದು ಓದಲು ಬರದಿದ್ದರೂ ಅಪಚಾರವೇ. ಹಾಗಾಗಿ ಮಧ್ಯಾಹ್ನದವರೆಗೂ ಕೂತು ಅವಸರದಲ್ಲಿ ಗೀಚಿದ್ದನ್ನೆಲ್ಲ ದುಂಡಗೆ ತಿದ್ದಿ ಬರೆದೆ. ಯಾವ ಊರು, ಯಾವ ಸಭೆ, ಯಾರಿಗೆ, ಯಾವ ಪ್ರಾರ್ಥನೆ ಬೇಕು ಎಂದು ವಿಂಗಡಿಸಿದೆ. ಇವತ್ತಿನ ತಯಾರಿಯಲ್ಲಿ ಹೆಚ್ಚು ಹೊತ್ತು ಹಿಡಿದದ್ದು ಇದೇ. ಹಿಡಿಯಲೂ ಬೇಕಿತ್ತು.

ಬೈಬಲಿನಲ್ಲಿ ಅಪೊಸ್ತಲ ಪೌಲ ರೋಮಾಪುರದವರಿಗೆ ಬರೆದ ಪತ್ರದ ಹದಿನಾರನೇ ಅಧ್ಯಾಯವನ್ನು ನಾವು ಮನೆಯಲ್ಲಿ ಯಾವಾಗಲೂ ಬೇಗ ಬೇಗ ಓದಿ ದಾಟಿಸುತ್ತೇವೆ. ಬರೀ ಹೆಸರುಗಳ ಸಾಲು, ಇವರಿಗೆ ವಂದನೆ, ಅವರಿಗೆ ವಂದನೆ. ಇಲ್ಲಿ ಕೂತು ಈ ಪಟ್ಟಿ ಬರೆಯುವಾಗ ಆ ಅಧ್ಯಾಯದ ತೂಕ ಗೊತ್ತಾಗುತ್ತದೆ. ಪೌಲ ಇನ್ನೂ ಕಾಲಿಡದ ಊರು ಅದು. ಆದರೂ ಅಲ್ಲಿಯವರನ್ನು ಒಬ್ಬೊಬ್ಬರನ್ನಾಗಿ ಹೆಸರು ಹಿಡಿದು ಕರೆಯುತ್ತಾನೆ. ಪಟ್ಟಿಯ ಮೊದಲಿಗೇ ಇರುವವಳು ಕೆಂಖ್ರೆಯ ಸಭೆಯ ಸೇವಕಿ ಫೊಯಿಬೆ. ಆ ಪತ್ರವನ್ನು ಹೊತ್ತು ರೋಮಿಗೆ ಹೋದವಳು ಅವಳೇ ಎಂದು ಹಿಂದಿನಿಂದಲೂ ನಂಬಿಕೆ. ಅವಳೂ ಹೊರಡುವ ಹಿಂದಿನ ದಿನ ಗಂಟು ಕಟ್ಟಿರಬೇಕು, ಹಡಗಿನ ಹೊತ್ತು ವಿಚಾರಿಸಿರಬೇಕು. ಅವಳ ಕೆಲಸವನ್ನೇ ನಾನೂ ಮಾಡುತ್ತಿರುವುದು, ಮಗಳೇ.

ಊಟವಾದ ಮೇಲೆ ಪೇಟೆಗೆ ಹೋದೆ. ಹಣ ಬದಲಾಯಿಸುವ ಅಂಗಡಿಯಲ್ಲಿ ಡಾಲರ್ ನೋಟುಗಳನ್ನು ಬೆಳಕಿಗೆ ಹಿಡಿದು ಇಸವಿ ನೋಡುತ್ತಾರೆ. ಹಳೆಯ ನೋಟನ್ನೂ, ಮಡಿಕೆಯಲ್ಲಿ ಹರಿದದ್ದನ್ನೂ ವಾಪಸು ತಳ್ಳುತ್ತಾರೆ. ನನ್ನ ಜೊತೆ ಬಂದ ಹುಡುಗ ಬಸ್ಸಿನ ಟಿಕೆಟು ತಂದು "ಬೆಳಿಗ್ಗೆ ಹನ್ನೆರಡಕ್ಕೆ" ಅಂದ. ಇಲ್ಲಿ ಗಂಟೆ ಎಣಿಸುವುದು ಸೂರ್ಯ ಹುಟ್ಟಿದ ಮೇಲೆ. ನಮ್ಮ ಏಳು ಗಂಟೆ ಇವರಿಗೆ ಒಂದು, ನಮ್ಮ ಬೆಳಗಿನ ಆರು ಇವರಿಗೆ ಹನ್ನೆರಡು. ಹೊಸಬರು ಇಂಥ ಟಿಕೆಟು ಹಿಡಿದು ಮಧ್ಯಾಹ್ನ ನಿಲ್ದಾಣಕ್ಕೆ ಬಂದರೆ ಬಸ್ಸು ಆಗಲೇ ಅರ್ಧ ದಾರಿ ದಾಟಿರುತ್ತದೆ. ದಾರಿಯೂ ಸಣ್ಣದಲ್ಲ, ಸುಮಾರು 550 ಕಿಲೋಮೀಟರು. ಪಾರೆ ಬೆಟ್ಟಗಳ ಬುಡದಲ್ಲಿ ಸಾಗಿ, ಕೊರೊಗ್ವೆಯ ಕತ್ತಾಳೆ ತೋಟಗಳನ್ನು ದಾಟಿ, ಕತ್ತಲಾಗುವ ಮುಂಚೆ ಸಮುದ್ರದ ಊರು ಸೇರಬೇಕು. ಅಲ್ಲಿ ಸೆಕೆ, ಸೊಳ್ಳೆ ಎರಡೂ ಜಾಸ್ತಿ. ಮಲೇರಿಯಾದ ಮಾತ್ರೆ ತಪ್ಪಿಸುತ್ತಿಲ್ಲ ಎಂದು ಅಮ್ಮನಿಗೆ ಹೇಳು. ಊರಿಗೆ ಬಂದ ಮೇಲೂ 4 ವಾರ ನುಂಗಬೇಕು, ಅವಳೇ ನೆನಪಿಸಲಿ.

ಇನ್ನು ಚೀಲ. ಅಜ್ಜಿ ಎಲ್ಲವನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಕೊಡಲು ಹೊರಟಾಗ ನಾನು ಬೇಡವೆಂದದ್ದು ನಿನಗೆ ನೆನಪಿರಬಹುದು. ಇಲ್ಲಿ 2019ರ ಜೂನ್ 1ರಿಂದ ಪ್ಲಾಸ್ಟಿಕ್ ಕೈಚೀಲಕ್ಕೆ ನಿಷೇಧ, ಹೊರಗಿನಿಂದ ಬರುವವರೂ ತರುವಂತಿಲ್ಲ. ಬಟ್ಟೆಯ ಚೀಲಗಳಲ್ಲೇ ಎಲ್ಲ ಕಟ್ಟಿದ್ದೇನೆ. ಬಟ್ಟೆಬರೆ ಹೆಚ್ಚಿಲ್ಲ. ಕಷ್ಟವೆಲ್ಲ ಇರುವುದು ಕೊಟ್ಟ ಕಾಣಿಕೆಗಳಲ್ಲಿ.

ಇಲ್ಲಿ ಕಾಣಿಕೆ ಹೇಗೆ ಬರುತ್ತದೆಂದು ನೀನೊಮ್ಮೆ ನೋಡಬೇಕು. ದುಡ್ಡಿಲ್ಲದವರು ಬೆಳೆದದ್ದನ್ನು ತರುತ್ತಾರೆ. ಬಾಳೆಗೊನೆ, ಮೊಟ್ಟೆ, ಹಾಲು, ಕೋಳಿ, ಕಬ್ಬಿನ ಜಲ್ಲೆ. ಆರಾಧನೆ ಮುಗಿದೊಡನೆ ಎಲ್ಲರೂ ಹಾಡುತ್ತಾ ಅಂಗಳಕ್ಕೆ ಬಂದು ನಿಲ್ಲುತ್ತಾರೆ, ಹಿರಿಯರೊಬ್ಬರು ಹರಾಜು ಕೂಗುತ್ತಾರೆ. ಕಳೆದ ಭಾನುವಾರ ಒಬ್ಬ ಅಜ್ಜಿ ಒಣಗಿದ ಬಾಳೆಪಟ್ಟೆಯಲ್ಲಿ ಸುತ್ತಿ ತಂದ ಮೊಟ್ಟೆಗಳನ್ನು ಒಬ್ಬ ಯುವಕ ಪೇಟೆಯ ಬೆಲೆಗಿಂತ ಎಷ್ಟೋ ಹೆಚ್ಚು ಕೊಟ್ಟು ಹಿಡಿದ. ಹಿಡಿದವನು ನೆಟ್ಟಗೆ ನಡೆದು ಬಂದು ನನ್ನ ಕೈಗಿಟ್ಟ! ದುಡ್ಡು ಸಭೆಗೆ, ಮೊಟ್ಟೆ ಅತಿಥಿಗೆ, ಹೆಸರು ಅಜ್ಜಿಗೆ. ಬೇಡವೆನ್ನುವ ಮಾತೇ ಇಲ್ಲ. ಮೊಟ್ಟೆಯೇನೋ ಅಡುಗೆಮನೆಗೆ ಹೋಯಿತು. ಆದರೆ ಗಾಯನ ತಂಡದವರು ಕೊಟ್ಟ ಕಿಟೆಂಗೆ ಬಟ್ಟೆಗಳು, ಮನೆಯ ಹಿಂದೆಯೇ ಬೆಳೆದು ಹುರಿದ ಕಾಫಿ, ಕೆತ್ತಿದ ಮರದ ಶಿಲುಬೆ, ಇವೆಲ್ಲ ನನ್ನ ಜೊತೆ ಬರಬೇಕು. ವಿಮಾನದಲ್ಲಿ ನನಗೆ ಬಿಟ್ಟಿರುವುದು 23 ಕಿಲೋ. ತೂಗಿದೆ, ಹೆಚ್ಚಾಯಿತು. ನನ್ನ ಪುಸ್ತಕಗಳನ್ನು ತೆಗೆದು ಇಲ್ಲಿನ ಪಾದ್ರಿಗಳಿಗೆ ಕೊಟ್ಟೆ, ಉಣ್ಣೆಯ ಅಂಗಿಯನ್ನು ರಾತ್ರಿ ಕಾವಲುಗಾರನಿಗೆ ಕೊಟ್ಟೆ. ಜುಲೈಯಲ್ಲಿ ಈ ಬೆಟ್ಟದ ಮಗ್ಗುಲಲ್ಲಿ ಒಳ್ಳೇ ಚಳಿ, ಅವನಿಗೇ ಹೆಚ್ಚು ಬೇಕು. ಕಾಫಿ ಒಂದು ಪೊಟ್ಟಣವೂ ಬಿಡಲಿಲ್ಲ.

ತೂಗುವಾಗ 1893ರ ನೆನಪು ಬಂತು. ಆ ವರ್ಷ ಜರ್ಮನಿಯ ಲೀಪ್‌ಜಿಗ್ ಮಿಶನಿನವರು ಕರಾವಳಿಯಿಂದ ನಡೆದುಕೊಂಡೇ ಕಿಲಿಮಂಜಾರೊಗೆ ಬಂದು ಮಚಾಮೆಯಲ್ಲಿ ನೆಲೆ ಮಾಡಿದರು. ಅವರ ಪೆಟ್ಟಿಗೆಗಳನ್ನು ಹೊತ್ತವರು ಇಲ್ಲಿನ ಹಮಾಲರು. ಆಗಿನ ಒಂದು ತಲೆಹೊರೆ ಎಂದರೆ ಸುಮಾರು 30 ಕಿಲೋ, ನನ್ನ ಚಕ್ರದ ಸೂಟ್‌ಕೇಸಿಗಿಂತ ಭಾರ. ಮಿಷನರಿಗಳ ಹೆಸರು ಕಲ್ಲಿನ ಮೇಲಿದೆ. ಹೊತ್ತವರ ಹೆಸರು ನಾನು ನೋಡಿದ ಯಾವ ಕಲ್ಲಿನ ಮೇಲೂ ಇಲ್ಲ. ಅದೇ ಮಿಶನು ಅದಕ್ಕೂ ಮುಂಚೆ ನಮ್ಮ ತಮಿಳುನಾಡಿನ ತರಂಗಂಬಾಡಿಗೆ ಬಂದಿತ್ತು. 1706ರ ಜುಲೈ 9ರಂದು ಸೀಗನ್‌ಬಾಲ್ಗ್, ಪ್ಲುಚೌ ಎಂಬ ಮಿಷನರಿಗಳು ಇಳಿದ ಊರದು. ಅವರು ಶುರು ಮಾಡಿದ ಕೆಲಸವನ್ನು ಮುಂದೆ ಲೀಪ್‌ಜಿಗ್‌ನವರು ವಹಿಸಿಕೊಂಡರು. ಹಾಗಾಗಿ ತಮಿಳು ಲುಥೆರನ್ ಸಭೆಗೂ ಈ ಬೆಟ್ಟದ ಸಭೆಗೂ ಒಂದೇ ತವರು. ಇದನ್ನು ಇಲ್ಲಿ ಹೇಳಿದಾಗಲೆಲ್ಲ ಜನ ಬಂದು ಕೈ ಹಿಡಿದುಕೊಳ್ಳುತ್ತಾರೆ.

ಮೊನ್ನೆ ಮೇರು ಬೆಟ್ಟದ ಕಡೆ ಅಕೇರಿಗೆ ಹೋಗಿದ್ದೆ. 1896ರಲ್ಲಿ ಎವಾಲ್ಡ್ ಓವಿರ್, ಕಾರ್ಲ್ ಸೆಗೆಬ್ರೋಕ್ ಎಂಬ ಇಬ್ಬರು ಎಳೆಯ ಮಿಷನರಿಗಳು ಅಲ್ಲಿ ಕೊಲೆಯಾದರು. ಅದರ ಬೆನ್ನಿಗೇ ಜರ್ಮನ್ ಸೈನ್ಯ ಬಂದು ಸೇಡು ತೀರಿಸಿಕೊಂಡಿತು. ಎಷ್ಟೋ ಜನ ಸತ್ತರು, ಬಾಳೆತೋಟಗಳು ಹಾಳಾದವು, ದನಕರುಗಳನ್ನು ಹೊಡೆದುಕೊಂಡು ಹೋದರು. ಈ ಎರಡನೆಯ ಭಾಗವನ್ನು ಬಿಟ್ಟು ಮೊದಲನೆಯದನ್ನು ಮಾತ್ರ ಹೇಳುವುದು ಸರಿಯಲ್ಲ ಎನ್ನುವುದು ನನ್ನ ಖಚಿತ ಅಭಿಪ್ರಾಯ. ನಮ್ಮ ಸಭೆಯಲ್ಲಿ ಹೇಳುವಾಗ ಎರಡನ್ನೂ ಹೇಳುತ್ತೇನೆ. ಇವತ್ತು ಅದೇ ಮೇರು ಜನರ ನಡುವೆ ಲುಥೆರನ್ ಧರ್ಮಪ್ರಾಂತ್ಯವೇ ಇದೆ. ಅಲ್ಲಿಯವರು ನನಗೆ ಮಾಂಸ ಹಾಕಿದ ಬಾಳೆಕಾಯಿ ಸಾರು ಬಡಿಸಿ, ಕೂತು ಉಣ್ಣು ಎಂದರು. ಅವರ ವಂದನೆ ಮೂರು ಪುಟದಷ್ಟಿದೆ.

ಸಂಜೆ ಭಾನುವಾರದ ಪ್ರಸಂಗ ಹಿಡಿದು ಕೂತೆ. ನಾನು ಹೇಳುವ ಪ್ರತಿ ವಾಕ್ಯವನ್ನೂ ಒಬ್ಬರು ಸ್ವಾಹಿಲಿಯಲ್ಲಿ ಹೇಳಬೇಕಾದ್ದರಿಂದ ಇಪ್ಪತ್ತು ನಿಮಿಷ ಸಿಕ್ಕರೆ ನನ್ನ ಪಾಲಿಗೆ ಹತ್ತೇ. ಉದ್ದದ ವಾಕ್ಯಗಳನ್ನೆಲ್ಲ ತುಂಡರಿಸಿದೆ, ಎರಡು ಉದಾಹರಣೆಗಳನ್ನು ಪೂರ್ತಿ ಹೊಡೆದುಹಾಕಿದೆ. ವಂದನೆಯ ಭಾಗಕ್ಕೆ ಮಾತ್ರ ಕೈ ಹಚ್ಚಲಿಲ್ಲ. ದಾರ್ ಎಸ್ ಸಲಾಮಿನ ಬಂದರಿನ ಎದುರಿಗೇ ಇರುವ ಆಜಾನಿಯಾ ಫ್ರಂಟ್ ಚರ್ಚನ್ನೂ ಈ ಸಲ ನೋಡಬೇಕು. 1898ರಲ್ಲಿ ಜರ್ಮನರು ಕಟ್ಟಲು ಶುರು ಮಾಡಿ 1902ರಲ್ಲಿ ಮುಗಿಸಿದ್ದು. ಬಾಸೆಲ್ ಮಿಶನಿನ ಮಂಗಳೂರು ಹೆಂಚು ಒಂದು ಕಾಲದಲ್ಲಿ ಈ ಪೂರ್ವ ಆಫ್ರಿಕಾದ ಕರಾವಳಿಗೆ ಹಡಗಿನಲ್ಲಿ ಬರುತ್ತಿತ್ತು. ಅಜ್ಜಿಗೆ ಹೇಳು, ಹಳೇ ಕಟ್ಟಡಗಳ ಮಾಡು ಕಂಡಲ್ಲೆಲ್ಲ ತಲೆಯೆತ್ತಿ ನೋಡುತ್ತೇನೆ.

ಕತ್ತಲಾದ ಮೇಲೆ ಸಭೆಯ ಹಿರಿಯರು ಬಂದರು. ಒಂದು ಹಾಡು, ಒಂದು ಕೀರ್ತನೆ, ಪ್ರಯಾಣಕ್ಕಾಗಿ ಪ್ರಾರ್ಥನೆ. ಎದ್ದು ಹೋಗುವಾಗ ಅವರಲ್ಲಿ ತೀರಾ ವಯಸ್ಸಾದವರು ಕೇಳಿದರು, "ನಮ್ಮ ವಂದನೆ ಒಯ್ದಿರಿ, ಸರಿ. ನಿಮ್ಮವರ ಮಾರುತ್ತರ ತರುವವರು ಯಾರು?" ನಾನೇ ಬರುತ್ತೇನೆ ಎಂದೆ. ಅವರು ತಲೆಯಾಡಿಸಿ, "ನೀವು ಬಂದದ್ದಾಯಿತು. ಮನೆಯಲ್ಲಿ ಎಳೆಯರು ಇಲ್ಲವೇ?" ಎಂದರು.

ಆ ಮಾತನ್ನು ನಾನು ಹಾಗೇ ನಿನಗೆ ದಾಟಿಸುತ್ತಿದ್ದೇನೆ. ಒತ್ತಾಯವಿಲ್ಲ, ನೀನೇ ಯೋಚನೆ ಮಾಡು. ಬರುವ ಮನಸ್ಸಿದ್ದರೆ ಪಾಸ್‌ಪೋರ್ಟಿಗೆ ಈಗಲೇ ಅರ್ಜಿ ಹಾಕು. ಹಳದಿ ಜ್ವರದ ಚುಚ್ಚುಮದ್ದನ್ನು ಹೊರಡುವುದಕ್ಕೆ ಕಡಿಮೆಯೆಂದರೂ 10 ದಿನ ಮುಂಚೆ ಹಾಕಿಸಿಕೊಂಡಿರಬೇಕು. ನನ್ನ ಹಾಗೆ ಕೆನ್ಯಾದ ಮೇಲೆ ಹಾದು ನಮಾಂಗಾ ಗಡಿಯಲ್ಲಿ ಇಳಿದರೆ ಆ ಹಳದಿ ಪುಸ್ತಕ ಕೇಳಿಯೇ ಕೇಳುತ್ತಾರೆ, ವಾಪಸು ಬರುವಾಗ ಮುಂಬಯಿಯಲ್ಲೂ ಕೇಳುತ್ತಾರೆ. ಒಮ್ಮೆ ಹಾಕಿಸಿಕೊಂಡರೆ ಜೀವಮಾನಕ್ಕೆ ಸಾಕು.

ಸಭೆಯ ಕಾರ್ಯದರ್ಶಿಗಳಿಗೆ ಒಂದು ಮಾತು ಹೇಳಿಡು. ನಾನು ಬಂದ ಭಾನುವಾರ ಪ್ರಸಂಗಕ್ಕೆ ಮುಂಚೆ ವಂದನೆಗೆ ಹೊತ್ತು ಬೇಕು, ಪ್ರಕಟಣೆಗಳ ಜೊತೆ ಸೇರಿಸುವುದು ಬೇಡ. ಹೆಂಗಸರು, ಮಕ್ಕಳು ಕಳಿಸಿದ ಹೆಸರುಗಳನ್ನು ನೀನೇ ಓದಬೇಕು, ಉಳಿದದ್ದು ನಾನು ಓದುತ್ತೇನೆ. ಹೆಸರುಗಳ ಉಚ್ಚಾರಣೆಯನ್ನು ಕನ್ನಡದಲ್ಲೇ ಬರೆದಿಟ್ಟಿದ್ದೇನೆ, ನಿನಗೆ ತೊಡಕಾಗದು.

ನಿನ್ನ ಅಪ್ಪ