ಗೇಟಿನ ಬೀಗದ ಕೈ ಯಾರ ಹತ್ತಿರ ಇದೆ?

ಮಾನ್ಯ ಸಂಪಾದಕರೇ,

ಗಣಪತಿ ಹಬ್ಬ ಮುಗಿಯಿತು ಅಂದರೆ ನಮ್ಮ ಕಡೆ ಒಂದರ ಹಿಂದೆ ಒಂದು ಶುರು. ಧಾರವಾಡದಲ್ಲಿ ಕೃಷಿ ಮೇಳ, ದೀಪಾವಳಿಗೆ ಹಾವೇರಿ ಕಡೆ ಹೋರಿ ಹಬ್ಬ, ಚಳಿಗಾಲಕ್ಕೆ ಹುಬ್ಬಳ್ಳಿ ರಾಜನಗರದ ಮೈದಾನದಲ್ಲಿ ರಣಜಿ ಪಂದ್ಯ, ನಡುನಡುವೆ ಸಿನಿಮಾ ಗಾಯಕರ ರಸಮಂಜರಿ. ಯಾರು ಬರ್ತಾರೆ, ಪಾಸ್ ಎಲ್ಲಿ ಸಿಗುತ್ತದೆ ಎಂಬುದೆಲ್ಲ ಪತ್ರಿಕೆಯಲ್ಲಿ ಬರುತ್ತದೆ. ಹೊರಗೆ ಹೋಗುವ ಗೇಟು ಎಷ್ಟು, ಎಲ್ಲೆಲ್ಲಿ, ಅದು ಮಾತ್ರ ಬರುವುದಿಲ್ಲ. ಅದನ್ನೇ ಕೇಳೋಣ ಅಂತ ಈ ಪತ್ರ.

2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ 11 ಮಂದಿ ಸತ್ತರು. ಹಿಂದಿನ ರಾತ್ರಿ ಅಹಮದಾಬಾದಿನಲ್ಲಿ ಆರ್‌ಸಿಬಿ ಕಪ್ ಗೆದ್ದಿತ್ತು. ಇಷ್ಟು ವರ್ಷ ಕಾದ ಮಂದಿ ಖುಷಿಪಡದೆ ಇರ್ತಾರಾ? ಒಳಗೆ ಹಿಡಿಸುವುದು 35 ಸಾವಿರ, ಬಂದವರು ಎರಡು ಮೂರು ಲಕ್ಷ ಅಂತ ಮುಖ್ಯಮಂತ್ರಿಗಳೇ ಹೇಳಿದರು. ಆವತ್ತು ಸಂಜೆಯೇ ವಾಟ್ಸಾಪ್‌ನಲ್ಲಿ ಉಪದೇಶ ಶುರುವಾಯಿತು ನೋಡಿ, ಈಗಿನ ಹುಡುಗರಿಗೆ ಶಿಸ್ತಿಲ್ಲ, ಮನೆಯಲ್ಲೇ ಕೂತು ಟಿವಿ ನೋಡಬಹುದಿತ್ತಲ್ಲ, ಹೋಗಿದ್ದೇ ತಪ್ಪು ಅಂತ. ಸತ್ತವರಲ್ಲಿ ಶಾಲೆ ಓದುವ ಹುಡುಗಿಯೂ ಇದ್ದಳು. ಈ ಮಾತು ಕೇಳಿದರೆ ನನಗೆ ಸಿಟ್ಟೇ ಬರುತ್ತದೆ.

ಇದು ಹೊಸ ಚಾಳಿಯೂ ಅಲ್ಲ. ಇಂಗ್ಲೆಂಡಿನ ಹಿಲ್ಸ್‌ಬರೋ ಮೈದಾನದಲ್ಲಿ 1989ರಲ್ಲಿ ಫುಟ್‌ಬಾಲ್ ನೋಡಲು ಹೋದವರು ಬೇಲಿಗೆ ಒತ್ತಿಹೋಗಿ 97 ಮಂದಿ ಜೀವ ಕಳೆದುಕೊಂಡರು. ಅಲ್ಲಿಯೂ ಮೊದಲು ಹೇಳಿದ್ದು ಅದೇ: ಕುಡಿದು ಬಂದ ಅಭಿಮಾನಿಗಳದೇ ತಪ್ಪು. ಅವರ ತಪ್ಪೇನಿಲ್ಲ ಅಂತ ಜ್ಯೂರಿ ಹೇಳಿದ್ದು 2016ರಲ್ಲಿ. 27 ವರ್ಷ ಆ ಮನೆಯವರು ಹೊಡೆದಾಡಬೇಕಾಯಿತು.

ಗುಂಪಿನಲ್ಲಿ ಸಾಯುವವರು ಬಿದ್ದು, ತುಳಿಸಿಕೊಂಡು ಸಾಯುತ್ತಾರೆ ಅಂತಲೇ ನಾವು ತಿಳಿದಿದ್ದೇವೆ. ಹೆಚ್ಚಿನವರು ನಿಂತಲ್ಲೇ ಸಾಯುತ್ತಾರೆ. ಎದೆ, ಬೆನ್ನು ಎರಡೂ ಕಡೆಯಿಂದ ಒತ್ತಡ ಬಿದ್ದರೆ ಪಕ್ಕೆಲುಬು ಅರಳಲು ಜಾಗ ಇರುವುದಿಲ್ಲ, ಉಸಿರು ಒಳಗೇ ಹೋಗುವುದಿಲ್ಲ. ಒಂದು ಚದರ ಮೀಟರ್ ಅಂದರೆ ಕೇರಂ ಬೋರ್ಡಿಗಿಂತ ತುಸು ದೊಡ್ಡ ಜಾಗ. ಅಷ್ಟರಲ್ಲಿ ಮೂರು ನಾಲ್ಕು ಜನ ನಿಂತರೆ ಪರವಾಗಿಲ್ಲ. ಐದು ದಾಟಿದರೆ ಕಷ್ಟ. ಆರು ಏಳು ಆದರೆ ನಮ್ಮ ಕಾಲು ನಮ್ಮ ಮಾತು ಕೇಳುವುದಿಲ್ಲ, ಗುಂಪು ಎತ್ತ ವಾಲುತ್ತದೋ ಅತ್ತ ಹೋಗುತ್ತೇವೆ. ಹಿಂದೆ ತಳ್ಳುವವನಿಗೆ ಮುಂದಿನವರ ಒದ್ದಾಟ ಕಾಣುವುದೇ ಇಲ್ಲ. ಅವನಿಗೆ ಒಂದು ಹೆಜ್ಜೆ ಮುಂದೆ ಹೋದರೆ ಸಾಕು ಅಷ್ಟೇ. ಇಂಥ ಕಡೆ ಶಿಸ್ತಿನ ಪಾಠ ಹೇಳಿ ಏನು ಬಂತು? ಅಷ್ಟು ಜನ ಅಲ್ಲಿ ಸೇರುವ ಮೊದಲೇ ಯಾರಾದರೂ ಲೆಕ್ಕ ಹಾಕಿರಬೇಕಿತ್ತು.

ಲೆಕ್ಕ ಕಷ್ಟದ್ದೇನಲ್ಲ. ಬ್ರಿಟನ್ನಿನ ಕ್ರೀಡಾಂಗಣಗಳ ಮಾರ್ಗಸೂಚಿ ಪ್ರಕಾರ ಒಂದು ಮೀಟರ್ ಅಗಲದ ದಾರಿಯಲ್ಲಿ, ನೆಲ ಸಮ ಇದ್ದರೆ ನಿಮಿಷಕ್ಕೆ 82 ಜನ ದಾಟಬಹುದು, ಮೆಟ್ಟಿಲಾದರೆ 66. ಇದನ್ನೇ ನಮ್ಮೂರಿಗೆ ಹಾಕಿ ನೋಡಿ. ಒಳಗೆ ಹತ್ತು ಸಾವಿರ ಜನ, ತೆರೆದಿರುವುದು ಮೂರು ಮೀಟರಿನ ಒಂದೇ ಗೇಟು. ಎಲ್ಲರೂ ಹೊರಗೆ ಬರಲು 40 ನಿಮಿಷ ಬೇಕು. ಅದೂ ಗೇಟಿನ ಬಾಯಲ್ಲಿ ಗಿರಮಿಟ್ ಗಾಡಿ, ಅಡ್ಡಾದಿಡ್ಡಿ ಬೈಕು, ಸೆಲ್ಫಿಗೆ ನಿಂತ ಹುಡುಗರು ಇಲ್ಲದಿದ್ದರೆ. ಬ್ರಿಟನ್ನಿನಲ್ಲಿ ಎಂಟು ನಿಮಿಷದೊಳಗೆ ಆಗಬೇಕು ಅನ್ನುವ ಕೆಲಸ ಇದು.

ಹೋದ ಚಳಿಗಾಲದಲ್ಲಿ ಹುಬ್ಬಳ್ಳಿಯ ಒಂದು ಮೈದಾನದಲ್ಲಿ ರಸಮಂಜರಿ ಇತ್ತು, ಅಕ್ಕನ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಗೇಟು ಮೂರು. ಒಂದು ವಿಐಪಿ ಕಾರುಗಳಿಗೆ. ಒಂದರಲ್ಲಿ ನಾವೆಲ್ಲ. ಮೂರನೆಯದಕ್ಕೆ ಸರಪಳಿ ಸುತ್ತಿ ಬೀಗ ಜಡಿದಿದ್ದರು, ಅದರಾಚೆ ಜನರೇಟರ್ ಲಾರಿ, ದಪ್ಪ ಕೇಬಲ್ಲು ಗೇಟಿನ ಕೆಳಗೇ ಹಾದು ಒಳಗೆ ಬಂದಿತ್ತು. ಅಲ್ಲಿದ್ದ ವಾಲಂಟಿಯರ್ ಹುಡುಗನನ್ನು ಕೇಳಿದೆ, ತಮ್ಮಾ, ಇದರ ಕೀಲಿ ಎಲ್ಲಿ? "ಕೀಲಿ ಸಾಹೇಬ್ರ ಕಡೆ ಐತ್ರಿ, ಅವ್ರು ಊಟಕ್ಕ ಹೋಗ್ಯಾರ" ಅಂದ. ಪಾಪ, ಅವನಿಗೆ ಕೊಟ್ಟಿದ್ದು ಒಂದು ಟೀ ಶರ್ಟು, ಒಂದು ಪೀಪಿ. ಆವತ್ತು ಏನೂ ಆಗಲಿಲ್ಲ. ಏನೂ ಆಗಲಿಲ್ಲ ಅನ್ನುವುದಕ್ಕೇ ಮುಂದಿನ ಸಲವೂ ಬೀಗ ಹಾಕ್ತಾರೆ. ಇಂಡೋನೇಷ್ಯಾದ ಮಲಾಂಗ್‌ನಲ್ಲಿ 2022ರ ಅಕ್ಟೋಬರ್ 1ರಂದು ಸ್ಟೇಡಿಯಂ ಒಳಗೆ ಪೊಲೀಸರು ಅಶ್ರುವಾಯು ಸಿಡಿಸಿದಾಗ ಜನ ಗೇಟಿನ ಕಡೆಗೇ ಓಡಿದರು, ಕೆಲವು ಗೇಟು ಪೂರ್ತಿ ತೆರೆದಿರಲಿಲ್ಲ. 135 ಮಂದಿ ಹೋದರು.

ಬರೀ ಮಳೆ ಸಾಕು. ಕೊಚ್ಚಿಯ ವಿಶ್ವವಿದ್ಯಾಲಯದಲ್ಲಿ 2023ರ ನವೆಂಬರ್‌ನಲ್ಲಿ ಸಂಗೀತ ಕಾರ್ಯಕ್ರಮಕ್ಕೆ ಮೊದಲು ಮಳೆ ಬಂತು, ಹೊರಗಿದ್ದವರು ಒಳಗೆ ನುಗ್ಗಿದರು, ಗೇಟು ದಾಟಿದ ಕೂಡಲೇ ಕೆಳಗಿಳಿಯುವ ಮೆಟ್ಟಿಲು. ನಾಲ್ವರು ಸತ್ತರು. ಧಾರವಾಡದ ಮಳೆ ಹೇಳಿ ಕೇಳಿ ಬರುತ್ತದಾ?

ಇನ್ನೊಂದು ವಿಷಯ, ನನ್ನ ಪ್ರಕಾರ ಇದೇ ದೊಡ್ಡದು: ಕಾರ್ಯಕ್ರಮ ನಿಲ್ಲಿಸಿ ಅನ್ನುವ ಅಧಿಕಾರ ಯಾರಿಗಿದೆ? ಅಮೆರಿಕದ ಹ್ಯೂಸ್ಟನ್‌ನಲ್ಲಿ 2021ರ ನವೆಂಬರ್ 5ರಂದು ವೇದಿಕೆ ಮುಂದೆ ಜನ ಉಸಿರಿಲ್ಲದೆ ಕುಸಿಯುತ್ತಿದ್ದರು, ಹಾಡು ಮಾತ್ರ ನಡೆದೇ ಇತ್ತು. 10 ಮಂದಿ ತೀರಿಕೊಂಡರು, ಒಬ್ಬನಿಗೆ 9 ವರ್ಷ. ದಕ್ಷಿಣ ಕೊರಿಯಾದ ಸೋಲ್ ನಗರದ ಇಟೇವಾನ್‌ನಲ್ಲಿ 2022ರಲ್ಲಿ ಒಂದು ಇಕ್ಕಟ್ಟಾದ ಓಣಿಯ ನೂಕುನುಗ್ಗಲಿಗೆ 159 ಜನ ಬಲಿಯಾದರು. ಅದಕ್ಕೆ ಸುಮಾರು ನಾಲ್ಕು ಗಂಟೆ ಮೊದಲೇ ಜನ ಪೊಲೀಸರಿಗೆ ಫೋನ್ ಮಾಡಿ ಇಲ್ಲಿ ಅಪಾಯ ಇದೆ ಅಂದಿದ್ದರು. ನಮ್ಮಲ್ಲಿ ಪೊಲೀಸರು ಸಂಘಟಕರ ಕಡೆ ಕೈ ತೋರಿಸುತ್ತಾರೆ, ಸಂಘಟಕರು ಸ್ಟೇಜ್ ಕಡೆ. ಸ್ಟೇಜ್ ಮೇಲೆ ಯಾರಿಗೋ ಸನ್ಮಾನ ನಡೆದಿರುತ್ತದೆ, ಮೈಕು ಯಾರೂ ಬಿಡುವುದಿಲ್ಲ.

ಹಾಗಂತ ಹೋಗಲೇಬೇಡಿ ಅಂತ ಹೇಳುವವನು ನಾನಲ್ಲ. ಹೋಗಿ, ಕುಣಿಯಿರಿ. ಒಳಗೆ ಹೋದ ಕೂಡಲೇ ಹೊರದಾರಿ ಎಲ್ಲಿದೆ ಅಂತ ಒಮ್ಮೆ ತಿರುಗಿ ನೋಡಿಕೊಳ್ಳಿ, ಬಂದ ದಾರಿ ಒಂದೇ ಅಲ್ಲ. ಅಕ್ಕಪಕ್ಕದವರ ಮೈ ನಾಲ್ಕೂ ಕಡೆ ತಾಗುತ್ತಿದೆ, ಕೈ ಎತ್ತಿ ಮುಖ ಮುಟ್ಟಲು ಆಗುತ್ತಿಲ್ಲ ಅಂದರೆ ಆಗಲೇ ಹೊರಡಿ, ಇಷ್ಟದ ಹಾಡು ಇನ್ನೂ ಬಾಕಿ ಇದ್ದರೂ. ಸಿಕ್ಕಿಕೊಂಡರೆ ಎರಡೂ ಕೈ ಮಡಚಿ ಎದೆಯ ಮುಂದೆ ಹಿಡಿಯಿರಿ, ಉಸಿರಾಡಲು ಅಷ್ಟು ಜಾಗ ಉಳಿಯುತ್ತದೆ. ಜನರ ಅಲೆಗೆ ಎದುರು ತಳ್ಳಬೇಡಿ. ಅದು ಸಡಿಲಾದಾಗ ಓರೆಯಾಗಿ ಅಂಚಿನ ಕಡೆ ಸರಿಯಿರಿ. ಗೋಡೆ, ಬ್ಯಾರಿಕೇಡ್ ಹತ್ತಿರ ಬೇಡ. ಫೋನ್ ಬಿತ್ತಾ, ಬಿಡಿ, ಬಗ್ಗಬೇಡಿ. ಬಿದ್ದೇ ಬಿಟ್ಟರೆ, ಏಳಲು ಆಗದಿದ್ದರೆ, ಮಗ್ಗುಲಾಗಿ ಮುದುಡಿ ತಲೆ ಮುಚ್ಚಿಕೊಳ್ಳಿ. ಮಕ್ಕಳ ಜೇಬಿನಲ್ಲಿ ಮನೆಯವರ ನಂಬರ್ ಬರೆದ ಚೀಟಿ ಇರಲಿ, ಆ ಗದ್ದಲದಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ.

ಹೋರಿ ಹಬ್ಬದ ಕಥೆ ಬೇರೆ, ಅದಕ್ಕೇ ಇನ್ನೊಂದು ಪತ್ರ ಬೇಕು. ಹೋರಿ ಹಿಡಿಯಲು ಇಳಿದವರಷ್ಟೇ ಅಲ್ಲ, ಸುಮ್ನೆ ನೋಡಲು ನಿಂತವರೂ ತಿವಿಸಿಕೊಳ್ಳುತ್ತಾರೆ. ಅಖಾಡದ ಎರಡೂ ಕಡೆ ಗಟ್ಟಿ ಬೇಲಿ ಇರಬೇಕು, ಓಟ ಮುಗಿಯುವ ಕಡೆ ಹೋರಿಗೂ ಜಾಗ ಬಿಡಬೇಕು. ಮೊಬೈಲ್ ಹಿಡಿದು ನಡುದಾರಿಯಲ್ಲಿ ನಿಲ್ಲುವವರಿಗೆ ಮಾತ್ರ ಏನು ಹೇಳಬೇಕೋ ನನಗೂ ಗೊತ್ತಿಲ್ಲ.

ಧಾರವಾಡ, ಗದಗ, ಹಾವೇರಿ ಜಿಲ್ಲಾಡಳಿತಗಳಿಗೆ ನನ್ನ ಬೇಡಿಕೆ ಇಷ್ಟೇ. ಅನುಮತಿ ಕೊಡುವಾಗ ಒಂದು ಹಾಳೆ ಬರೆಸಿಕೊಳ್ಳಿ: ಎಷ್ಟು ಜನಕ್ಕೆ ಜಾಗ, ಯಾವ ಗೇಟು ಎಷ್ಟು ಅಗಲ, ಕೀಲಿ ಯಾರ ಕೈಯಲ್ಲಿ, ನಿಲ್ಲಿಸಿ ಅನ್ನುವವರು ಯಾರು, ಆಂಬುಲೆನ್ಸ್ ಯಾವ ಗೇಟಿಂದ ಒಳಗೆ ಬರುತ್ತದೆ. ಅದನ್ನು ಮೈದಾನದ ಬಾಗಿಲಲ್ಲಿ ಅಂಟಿಸಿ. ಸಂಪಾದಕರೇ, ನಿಮಗೂ ಒಂದು ಮಾತು. ಕಾರ್ಯಕ್ರಮದ ಹಿಂದಿನ ದಿನ ಆ ಹಾಳೆಯನ್ನು ನೀವೂ ಕೇಳಿ, ಪ್ರಕಟಿಸಿ. ಸಂಘಟಕರು ಕೊಡದಿದ್ದರೆ, ಕೇಳಿದೆವು, ಕೊಡಲಿಲ್ಲ ಅಂತಲೇ ಒಂದು ಸಾಲು ಹಾಕಿ.

ಇಂತಿ,
ನಿಮ್ಮ ಓದುಗ
ವಿದ್ಯಾನಗರ, ಹುಬ್ಬಳ್ಳಿ